ಕಾಯಕ ನಡೆದು ಬಂದ ದಾರಿ



ನಿನ್ನೆ ಮೊನ್ನೆ ಇಷ್ಟಲಿಂಗ ಪೂಜೆಯ ಕ್ರಮವನ್ನು ಕುರಿತು ಕೇಳಿದಿರಿ. ಇಂದು ಸ್ವಲ್ಪ ಇತಿಹಾಸದ ಕಡೆಗೆ ಹೊರಳೋಣ. ಪೂಜೆ ಮುಗಿದ ಮೇಲೆ ಏನು ಎಂಬ ಪ್ರಶ್ನೆ ಇದೆಯಲ್ಲ, ಅದಕ್ಕೆ ನಮ್ಮ ಹಿರಿಯರು ಎಂಟುನೂರು ವರ್ಷಗಳಿಗೂ ಹಿಂದೆ ಒಂದು ಉತ್ತರ ಕೊಟ್ಟರು. ಬೆಳಿಗ್ಗೆ ಅರ್ಧ ಗಂಟೆ ಪೂಜೆ, ಮಿಕ್ಕ ಹೊತ್ತೆಲ್ಲ ವ್ಯವಹಾರ ಎಂದು ನಾವು ದಿನವನ್ನು ಎರಡು ಹೋಳು ಮಾಡಿಕೊಂಡಿದ್ದೇವೆ. ಅವರು ಆ ಎರಡು ಹೋಳುಗಳನ್ನು ಒಪ್ಪಲಿಲ್ಲ. ಒಪ್ಪದೆ ಏನು ಮಾಡಿದರು, ಅದು ಆಮೇಲೆ ಏನಾಯಿತು, ಇಷ್ಟೇ ಇಂದಿನ ವಿಷಯ.

ಕಾಯಕ ಎಂಬ ಮಾತು ಈಗ ಎಲ್ಲರ ಬಾಯಲ್ಲಿಯೂ ಇದೆ. ಅಂಗಡಿಯ ಹಲಗೆಯ ಮೇಲೆ ಇದೆ, ಕಚೇರಿಯ ಗೋಡೆಯ ಮೇಲೆ ಇದೆ, ಲಾರಿಯ ನೆತ್ತಿಯ ಮೇಲೂ ಇದೆ. ಸಂತೋಷ. ಆದರೆ ಆ ಹಲಗೆಯ ಕೆಳಗೆ ಕುಳಿತವರು ಎರಡು ಬಗೆಯ ಲೆಕ್ಕದ ಪುಸ್ತಕ ಇಟ್ಟುಕೊಂಡಿದ್ದರೆ ಅದನ್ನೂ ಕಾಯಕ ಎನ್ನಬೇಕೆ? ದುಡಿದದ್ದೆಲ್ಲ ಕಾಯಕವಲ್ಲ. ಕಳ್ಳನೂ ರಾತ್ರಿಯೆಲ್ಲ ನಿದ್ದೆಗೆಟ್ಟು ದುಡಿಯುತ್ತಾನೆ!

12ನೆಯ ಶತಮಾನದ ಕನ್ನಡ ನಾಡನ್ನು ಸ್ವಲ್ಪ ನೆನೆಯಿರಿ. ಕಲ್ಯಾಣದಲ್ಲಿ ಚಾಳುಕ್ಯರ ಸಿರಿ ಇಳಿಮುಖವಾಗಿ ಕಳಚುರಿ ಬಿಜ್ಜಳನ ಕೈ ಮೇಲಾಗುತ್ತಿದ್ದ ಕಾಲ. ಊರೂರಿಗೆ ದೊಡ್ಡ ದೇವಾಲಯಗಳಿದ್ದವು. ಅವುಗಳಿಗೆ ಬಿಟ್ಟ ಭೂಮಿ, ಸುಂಕ, ಎಣ್ಣೆ, ಅಕ್ಕಿಯ ವಿವರಗಳನ್ನು ಇಂದಿಗೂ ಶಾಸನಗಳಲ್ಲಿ ಓದಬಹುದು. ಆ ಗುಡಿಗೆ ಕಲ್ಲು ಹೊತ್ತವನು, ಹಗ್ಗ ಹೊಸೆದವನು, ಚರ್ಮ ಹದಮಾಡಿದವನು ಕೆಲಸ ಮುಗಿದ ದಿನದಿಂದ ಹೊರಗೆ ನಿಂತವನು. ದೇವರಿಗೆ ಒಂದು ಸ್ಥಳ, ಒಂದು ವೇಳೆ ಗೊತ್ತಾಗಿತ್ತು. ಗಂಟೆ ಬಾರಿಸಿದಾಗ ದೇವರು, ಬಾಗಿಲು ಮುಚ್ಚಿದ ಮೇಲೆ ಲೋಕ.

ಬಸವಣ್ಣನವರು ಅಂಗೈಯಲ್ಲಿ ಲಿಂಗವನ್ನು ಕೊಟ್ಟರು ಎಂದಾಗ ನಾವು ಸಾಮಾನ್ಯವಾಗಿ ಸಮಾನತೆಯ ಮಾತನ್ನು ಹೇಳುತ್ತೇವೆ. ಅದು ನಿಜ. ಹೊರಗೆ ನಿಂತವನಿಗೆ ದೇವರು ಸಿಕ್ಕ. ಆದರೆ ಇನ್ನೊಂದು ಸಂಗತಿಯನ್ನು ನಾವು ಅಷ್ಟಾಗಿ ಹೇಳುವುದಿಲ್ಲ, ಏಕೆಂದರೆ ಅದು ನಮಗೆ ಅನುಕೂಲವಲ್ಲ. ಗುಡಿಯ ದೇವರನ್ನು ಬಿಟ್ಟು ಬರಬಹುದು; ಎದೆಯ ಮೇಲಿನ ಲಿಂಗವನ್ನು ಬಿಟ್ಟು ಬರುವಂತಿಲ್ಲ. ಹೊಲದ ಬದುವನ್ನು ಒಂದು ಮೊಳ ಆಚೆಗೆ ಒತ್ತುವಾಗಲೂ ಅದು ಜೊತೆಯಲ್ಲಿಯೇ ಇರುತ್ತದೆ. ಹಾಲಿಗೆ ನೀರು ಬೆರೆಸುವ ಕೈ ಯಾವುದು? ಬೆಳಿಗ್ಗೆ ಲಿಂಗವನ್ನು ಹಿಡಿದ ಕೈಯೇ ಅಲ್ಲವೆ? ಇಷ್ಟಲಿಂಗ ಎಂಬುದು ಕೊರಳಿಗೆ ಕಟ್ಟಿಕೊಂಡ ಸಾಕ್ಷಿ. ಪೂಜೆಗೆ ವೇಳೆ ಗೊತ್ತುಮಾಡಬಹುದು, ಸಾಕ್ಷಿಗೆ ವೇಳೆ ಇಲ್ಲ. ಕಾಯಕ ಹುಟ್ಟಿದ್ದು ಈ ಇಕ್ಕಟ್ಟಿನಲ್ಲಿ ಎಂದು ನಮಗೆ ತೋರುತ್ತದೆ.

ಆ ಕಾಲದ ಶರಣರ ಹೆಸರುಗಳನ್ನು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿರಿ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ, ಮೇದಾರ ಕೇತಯ್ಯ, ಮಾದಾರ ಧೂಳಯ್ಯ, ಡೋಹರ ಕಕ್ಕಯ್ಯ, ಒಕ್ಕಲಿಗ ಮುದ್ದಣ್ಣ, ತುರುಗಾಹಿ ರಾಮಣ್ಣ, ಗಾಣದ ಕಣ್ಣಪ್ಪ, ವೈದ್ಯ ಸಂಗಣ್ಣ, ಸೂಜಿಕಾಯಕದ ರಾಮಿತಂದೆ, ಕದಿರ ರೆಮ್ಮವ್ವೆ. ಬಟ್ಟೆ ಒಗೆಯುವವರು, ದೋಣಿ ನಡೆಸುವವರು, ಬಿದಿರು ಸೀಳುವವರು, ದನ ಕಾಯುವವರು, ನೂಲು ತೆಗೆಯುವ ತಾಯಿ. ಬೇರೆ ಕಡೆ ಸಾಧುಗಳಾದವರು ಹಳೆಯ ಹೆಸರನ್ನೂ ಹಳೆಯ ಕೆಲಸವನ್ನೂ ಬಿಟ್ಟು ಹೊರಡುತ್ತಾರೆ. ಇವರು ಕೆಲಸವನ್ನು ಬಿಡಲಿಲ್ಲ. ಅದನ್ನೇ ಹೆಸರಿನ ಮುಂದೆ ಬಿರುದಿನಂತೆ ಕಟ್ಟಿಕೊಂಡರು. ಊರವರು ಹೀಯಾಳಿಸಲು ಬಳಸುತ್ತಿದ್ದ ಮಾತು ಅನುಭಾವಿಗಳ ಸಭೆಯಲ್ಲಿ ಗೌರವದ ಮಾತಾಯಿತು. ಇವರಲ್ಲಿ ಹಲವರು ವಚನ ಬರೆದಾಗ ದೋಣಿ, ಹುಟ್ಟು, ಗಾಣ, ಕದಿರು, ರಾಟಿಗಳೇ ತತ್ತ್ವ ಹೇಳುವ ಮಾತುಗಳಾದವು. ದಿನವೆಲ್ಲ ಕೈ ಏನನ್ನು ಮುಟ್ಟುತ್ತಿತ್ತೋ ಬಾಯಿ ಅದನ್ನೇ ನುಡಿಯಿತು.

ಬಸವಣ್ಣನವರೂ ಕೆಲಸವಿಲ್ಲದೆ ಉಪದೇಶ ಮಾಡಿಕೊಂಡು ಕುಳಿತವರಲ್ಲ. ಮಂಗಳವೇಡೆಯಲ್ಲಿ ಕರಣಿಕರು, ಆಮೇಲೆ ಭಂಡಾರಿಗಳು. ಎಂದರೆ ಲೆಕ್ಕ ಬರೆಯುವ ಕಾಯಕ. ಅರಸನ ಬೊಕ್ಕಸವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಕೊಂಡೆಯವರು ದೂರು ಕೊಟ್ಟಾಗ ಭಂಡಾರವನ್ನು ಎಣಿಸಿ ನೋಡಿದರು, ಒಂದು ಹೊನ್ನೂ ಕಡಿಮೆಯಾಗಿರಲಿಲ್ಲ ಎಂದು ಬಸವಪುರಾಣ ಪರಂಪರೆ ಹೇಳುತ್ತದೆ. ನಾವು ಇದನ್ನು ಪವಾಡ ಎಂದು ಕೇಳಿ ಕೈಮುಗಿದು ಎದ್ದು ಹೋಗುತ್ತೇವೆ. ಲೆಕ್ಕ ಸರಿಯಾಗಿದ್ದದ್ದನ್ನು ಪವಾಡವೆಂದು ತಿಳಿಯುವ ಜನ ನಾವು! ಪರರ ಹಣ ಕೈಯಲ್ಲಿದ್ದಾಗಲೂ ಲೆಕ್ಕ ನೆಟ್ಟಗಿತ್ತು ಎಂದು ಅದನ್ನು ನೇರವಾಗಿ ಓದಿದರೆ ಆಗದೆ?

ಈಗ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಡೆಗೆ ಬರೋಣ. ಈಗಿನ ಲಿಂಗಸೂಗೂರು ತಾಲೂಕಿನ ಅಮರೇಶ್ವರದ ಕಡೆಯವರು. ಅವರ ಅಂಕಿತದಲ್ಲಿಯೂ ಅಮರೇಶ್ವರನೇ ಇದ್ದಾನೆ. ಕಲ್ಯಾಣಕ್ಕೆ ಬಂದು ಮಾರಯ್ಯ ಹಿಡಿದ ಕಾಯಕವೆಂದರೆ ಶರಣರ ಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು. ಇದಕ್ಕಿಂತ ಸಣ್ಣ ಕೆಲಸವನ್ನು ಕಲ್ಪಿಸಿಕೊಳ್ಳುವುದು ಕಷ್ಟ. ಬಂಡವಾಳವಿಲ್ಲ, ಸಲಕರಣೆಯಿಲ್ಲ; ಬಾಗುವ ಸೊಂಟ, ಕಾಣುವ ಕಣ್ಣು, ಎರಡು ಬೆರಳು. ಆಯ್ದು ತಂದ ಅಕ್ಕಿಯನ್ನು ಲಕ್ಕಮ್ಮ ಅಡಿಗೆ ಮಾಡುವಳು, ಜಂಗಮ ದಾಸೋಹ ನಡೆಯುವುದು, ಉಳಿದದ್ದು ಇಬ್ಬರಿಗೆ ಪ್ರಸಾದ.

ಒಂದು ದಿನ ಮಾರಯ್ಯ ಅನುಭಾವದ ಮಾತಿನಲ್ಲಿ ಮೈಮರೆತು ಕುಳಿತಿದ್ದ. ಪ್ರಭುದೇವರ ಸನ್ನಿಧಿ, ಏಳಲು ಯಾರಿಗೆ ಮನಸ್ಸು ಬಂದೀತು? ಲಕ್ಕಮ್ಮ ಬಂದು ಕಾಯಕದ ವೇಳೆ ಮೀರಿತು, ಏಳು ಎಂದಳು. ತಾಯಂದಿರೆ, ಇದರ ಧೈರ್ಯವನ್ನು ಗಮನಿಸಿರಿ. ಗಂಡ ಕೆಟ್ಟ ಸಂಗದಲ್ಲಿ ಕುಳಿತಿರಲಿಲ್ಲ. ಅಲ್ಲಮಪ್ರಭುಗಳ ಸಂಗದಲ್ಲಿ ಕುಳಿತಿದ್ದ. ಅಲ್ಲಿಂದಲೂ ಆಕೆ ಎಬ್ಬಿಸಿದಳು. ಪ್ರವಚನ ಕೇಳುವುದಕ್ಕಾಗಿ ದನಕ್ಕೆ ನೀರು ಕುಡಿಸುವುದನ್ನು ಮರೆತವರು ಇಲ್ಲಿ ಯಾರಾದರೂ ಇದ್ದರೆ ಈಗಲೇ ಏಳಬಹುದು, ನಮಗೆ ಬೇಸರವಿಲ್ಲ.

ಮಾರಯ್ಯ ಅವಸರದಲ್ಲಿ ಎದ್ದು ಹೋದ. ಅಂದು ಅಂಗಳದಲ್ಲಿ ಅಕ್ಕಿ ಹೆಚ್ಚಾಗಿಯೇ ಬಿದ್ದಿತ್ತು. ಬಸವಣ್ಣನವರೇ ಬೇಕೆಂದು ಚೆಲ್ಲಿಸಿದ್ದರು ಎಂದು ಕಥೆ. ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ನೋಡಿದಳು. ಇದು ನಮ್ಮ ದಿನದ ಅಳತೆಯಲ್ಲ, ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬಾ ಎಂದಳು. ಅವನು ಹೋಗಿ ಸುರಿದು ಬಂದ.

ಇದರಲ್ಲಿ ಮಾರಯ್ಯನ ತಪ್ಪೇನು? ಕದ್ದನೆ? ಇಲ್ಲ. ಬೇಡಿದನೆ? ಇಲ್ಲ. ನೆಲದ ಮೇಲೆ ಬಿದ್ದದ್ದು, ಯಾರೂ ಬೇಡವೆನ್ನದ ಅಕ್ಕಿ, ತನ್ನ ಬೆರಳಿನಿಂದಲೇ ಆಯ್ದದ್ದು, ಅದೂ ದಾಸೋಹಕ್ಕೆ. ನಮ್ಮ ಯಾವ ಕಾನೂನಿನಲ್ಲಿಯೂ ಅದು ಅಪರಾಧವಲ್ಲ. ಲಕ್ಕಮ್ಮ ಕಂಡದ್ದು ಬೇರೆ. ನಾಳೆಗೆ ಇರಲಿ ಎಂಬ ಮಾತು ಅಕ್ಕಿಯ ಜೊತೆಗೆ ಒಳಗೆ ಬಂದಿತ್ತು. ಇಂದು ನಾಳೆಗೆ, ನಾಳೆ ವರ್ಷಕ್ಕೆ, ಆಮೇಲೆ ಮಕ್ಕಳಿಗೆ, ಮೊಮ್ಮಕ್ಕಳಿಗೆ. ದಾಸೋಹಕ್ಕಾಗಿ ತಂದೆ ಎನ್ನುವ ನೆವ ಎಷ್ಟು ಸೊಗಸಾದದ್ದು ಎಂಬುದು ಮಠಗಳನ್ನು ನಡೆಸುವ ನಮ್ಮಂಥವರಿಗೂ ಗೊತ್ತು, ಆದ್ದರಿಂದ ಈ ಕಥೆ ಭಕ್ತರಿಗೆ ಮಾತ್ರ ಹೇಳಿದ್ದಲ್ಲ. ಮನೆ ಮನೆಗೆ ಒಬ್ಬ ಲಕ್ಕಮ್ಮ ಇದ್ದಿದ್ದರೆ ಸರಕಾರ ಲೋಕಾಯುಕ್ತರನ್ನು ನೇಮಿಸಬೇಕಾಗಿರಲಿಲ್ಲ.

ಅಂದು ಆ ಅಳತೆಯ ಅಕ್ಕಿಯಲ್ಲಿಯೇ ಒಂದು ಲಕ್ಷ ತೊಂಬತ್ತಾರು ಸಾವಿರ ಗಣಂಗಳಿಗೆ ದಾಸೋಹ ನಡೆಯಿತು ಎಂದು ಹೇಳುತ್ತಾರೆ. ಸಂಖ್ಯೆಯ ವಾದಕ್ಕೆ ನಾವು ಹೋಗುವುದಿಲ್ಲ.

ಮೋಳಿಗೆಯ ಮಾರಯ್ಯನ ಮಾತೂ ಇಂಥದ್ದೇ. ಅರಸುತನ ಬಿಟ್ಟು ಬಂದು ಕಟ್ಟಿಗೆ ಹೊತ್ತು ಮಾರಿದವನು. ಬಸವಣ್ಣನವರು ಗುಟ್ಟಾಗಿ ಇಟ್ಟು ಹೋದ ಹೊನ್ನನ್ನು ಮನೆಯಲ್ಲಿ ಉಳಿಸಿಕೊಳ್ಳದವನು. ನುಲಿಯ ಚಂದಯ್ಯನದು ಇನ್ನೂ ಕಠಿಣ. ಕೆರೆಯಲ್ಲಿ ಹುಲ್ಲು ಕೊಯ್ಯುತ್ತಿದ್ದಾಗ ಅಂಗದ ಮೇಲಿನ ಲಿಂಗ ಜಾರಿ ಬಿತ್ತು. ಚಂದಯ್ಯ ಹುಲ್ಲಿನ ಹೊರೆ ಹೊತ್ತು ಹೊರಟೇಬಿಟ್ಟ. ಹಗ್ಗ ಹೊಸೆದು ಮಾರಿ ದಾಸೋಹ ಮಾಡುವ ಹೊತ್ತು ತಪ್ಪಬಾರದು. ಲಿಂಗವೇ ಅವನ ಬೆನ್ನು ಹತ್ತಿತು ಎನ್ನುತ್ತದೆ ಕಥೆ. ಶರಣರು ಬುದ್ಧಿ ಹೇಳಬೇಕಾಯಿತು: ಲಿಂಗವನ್ನು ಬಿಟ್ಟ ಕಾಯಕವೂ ನಿಲ್ಲದು ಎಂದು. ನೋಡಿರಿ, ಲಕ್ಕಮ್ಮ ಮಾತಿನಲ್ಲಿ ಮೈಮರೆತವನನ್ನು ಕೆಲಸಕ್ಕೆ ಎಬ್ಬಿಸಿದಳು. ಇಲ್ಲಿ ಶರಣರು ಕೆಲಸದಲ್ಲಿ ಮೈಮರೆತವನನ್ನು ಲಿಂಗದ ಕಡೆಗೆ ತಿರುಗಿಸಿದರು. ದುಡಿತವೊಂದೇ ಸಾಕು, ದೇವರೇಕೆ ಎನ್ನುವವರು ಚಂದಯ್ಯನ ಅರ್ಧ ಕಥೆಯನ್ನು ಮಾತ್ರ ಓದಿದ್ದಾರೆ.

ಇತಿಹಾಸ ಓದಿದ ತರುಣರು ಕೇಳುತ್ತಾರೆ: ಇವೆಲ್ಲ ನಡೆದದ್ದಕ್ಕೆ ಆಧಾರವೇನು? ಕೇಳಬೇಕಾದ ಪ್ರಶ್ನೆಯೇ. ಬಸವಣ್ಣನವರ ವಂಶದ ವಿವರವನ್ನು ಹೇಳುವ ಅರ್ಜುನವಾಡದ ಶಾಸನ 1260ರದು. ಭೀಮಕವಿಯ ಬಸವಪುರಾಣ 1369ರದು. ಮಾರಯ್ಯ, ಲಕ್ಕಮ್ಮ, ಚಂದಯ್ಯರ ವಚನಗಳು ಉಳಿದು ಬಂದಿವೆ. ಅವರ ಕಥೆಗಳು ಈಗಿನ ರೂಪದಲ್ಲಿ ಬರುವುದು ಶೂನ್ಯಸಂಪಾದನೆಯಲ್ಲಿ, 15ನೆಯ ಶತಮಾನದಲ್ಲಿ. ನಡುವೆ ಇನ್ನೂರೈವತ್ತು ವರ್ಷಗಳ ಮೇಲೆ ಕಳೆದಿದ್ದವು. ಕಥೆಯ ವಿವರಗಳು ಬಾಯಿಂದ ಬಾಯಿಗೆ ಬೆಳೆದಿರಬಹುದು. ಆದರೆ ಇನ್ನೊಂದನ್ನು ಗಮನಿಸಿರಿ. ಶೂನ್ಯಸಂಪಾದನೆ ನಮ್ಮಲ್ಲಿ ಪರಮ ತತ್ತ್ವದ ಗ್ರಂಥ. ಅದರಲ್ಲಿ ಅಕ್ಕಿ ಆಯುವವನಿಗೆ ಒಂದು ಸಂಪಾದನೆ, ಕಟ್ಟಿಗೆ ಮಾರುವವನಿಗೆ ಒಂದು, ಹಗ್ಗ ಹೊಸೆಯುವವನಿಗೆ ಒಂದು. ವಿಜಯನಗರದ ವೈಭವದ ಕಾಲದ ವಿರಕ್ತರು ತಮ್ಮ ಹಿರಿಯರಲ್ಲಿ ಯಾರನ್ನು ಮರೆಯಬಾರದು ಎಂದು ತೀರ್ಮಾನಿಸಿದರು ಎಂಬುದಕ್ಕೆ ಇದಕ್ಕಿಂತ ಆಧಾರ ಬೇಕಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಅವರವರ ಜಾತಿಯ ಕೆಲಸವನ್ನು ಅವರವರು ಮಾಡಿಕೊಂಡಿರಲಿ, ಅದೇ ಕಾಯಕ ಎಂದು ಕೆಲವರು ಅರ್ಥ ಹೇಳುತ್ತಾರೆ. ಮೇಲೆ ಕುಳಿತವರಿಗೆ ಬಹಳ ಹಿತವಾದ ಅರ್ಥ! ಕಲ್ಯಾಣದಲ್ಲಿ ಅದೇ ಅಭಿಪ್ರಾಯವಿದ್ದಿದ್ದರೆ ರಕ್ತ ಹರಿಯುವ ಕಾರಣವಿರಲಿಲ್ಲ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಲಗ್ನವಾಯಿತು. ಸಭೆಯಲ್ಲಿ ಒಟ್ಟಿಗೆ ಕುಳಿತು ತತ್ತ್ವ ಮಾತಾಡುವ ತನಕ ಬಿಜ್ಜಳನ ಆಸ್ಥಾನದವರು ತಾಳಿಕೊಂಡಿದ್ದರು. ಮನೆಯೊಳಗಿನ ನಡೆಯಾಗುತ್ತಲೇ ಅವರಿಗೆ ತಾಳಲಾಗಲಿಲ್ಲ. ಹರಳಯ್ಯ, ಮಧುವರಸರಿಗೆ ಘೋರ ಶಿಕ್ಷೆಯಾಯಿತು. 1167ರ ಸುಮಾರಿಗೆ ಬಿಜ್ಜಳನ ಆಳ್ವಿಕೆಯೂ ಮುಗಿಯಿತು, ಶರಣರು ದಿಕ್ಕಾಪಾಲಾದರು. ಚೆನ್ನಬಸವಣ್ಣನವರ ತಂಡ ಉಳವಿಯ ಕಾಡಿನ ಕಡೆಗೆ ನಡೆಯಿತು. ನುಡಿಗೆ ಯಾರೂ ತಲೆ ತೆಗೆಯಲಿಲ್ಲ ಬಂಧುಗಳೆ, ನಡೆಗೆ ತೆಗೆದರು. ಇಂದಿಗೂ ನಮ್ಮಲ್ಲಿ ವೇದಿಕೆಯ ಮೇಲೆ ಹರಳಯ್ಯನ ಹೆಸರು ಹೇಳಿ ಮನೆಯಲ್ಲಿ ಒಳಪಂಗಡ ನೋಡಿ ಹೆಣ್ಣು ಕೊಡುವವರೇ ಹೆಚ್ಚು. ಜಾತ್ರೆಯ ಪಂಕ್ತಿಯಲ್ಲಿ ಕೂಡಿ ಉಂಡವರು ಲಗ್ನದ ಮಾತು ಬಂದಾಗ ಜಾತಕ ಕೇಳುತ್ತಾರೆ. ಇರಲಿ.

ಮುಂದೆ ಶತಮಾನಗಳು ಕಳೆದವು. ವಚನದ ಓಲೆಗರಿಗಳು ಕೆಂಪು ವಸ್ತ್ರದ ಕಟ್ಟುಗಳಾಗಿ ಜಗಲಿಯ ಮೇಲೆ ಕುಳಿತವು. ಅವುಗಳಿಗೆ ವಿಭೂತಿ, ಹೂವು, ಧೂಪ ಎಲ್ಲವೂ ಸಲ್ಲುತ್ತಿತ್ತು. ಬಿಚ್ಚಿ ಓದುವವರು ಮಾತ್ರ ಕಡಿಮೆಯಾದರು. ಅಂಗಳದ ಕೆಲಸವನ್ನು ಪೂಜೆಯಾಗಿ ಮಾಡಿದವರ ಮಾತುಗಳೇ ಪೂಜೆಯ ವಸ್ತುಗಳಾಗಿ ಮೂಲೆ ಸೇರಿದವು. ಕೂಲಿಯವನ ಬೆವರಿನ ಮಾತಿಗೆ ಇದಕ್ಕಿಂತ ದೊಡ್ಡ ಸೆರೆ ಇನ್ನೊಂದಿಲ್ಲ.

ಆ ಕಟ್ಟುಗಳನ್ನು ಬಿಚ್ಚಿಸಿದವರಲ್ಲಿ ಮೊದಲಿಗರು ಒಬ್ಬ ವಕೀಲರು. 1880ರ ಜುಲೈ 2ರಂದು ಧಾರವಾಡದಲ್ಲಿ ಹುಟ್ಟಿ ವಿಜಾಪುರದಲ್ಲಿ ವಕೀಲಿ ಮಾಡುತ್ತಿದ್ದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ಊರೂರು ತಿರುಗಿ ಓಲೆಗರಿ ಕೂಡಿಸಿದರು, ಪಾಠ ತಾಳೆ ನೋಡಿದರು. 1923ರಲ್ಲಿ ವಚನಶಾಸ್ತ್ರಸಾರ ಹೊರಬಂತು. ಮುಂದೆ ಅಚ್ಚಿನ ಕೆಲಸಕ್ಕೆಂದೇ ಮನೆ ಮಾರಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. 1926ರಲ್ಲಿ ಶಿವಾನುಭವ ಪತ್ರಿಕೆ ಆರಂಭವಾಯಿತು. ಇಷ್ಟೇ ಆಗಿದ್ದರೆ ಪಂಡಿತರೆಂದು ಹೇಳಿ ಮುಂದೆ ಹೋಗಬಹುದಿತ್ತು. ಆದರೆ ವಿಜಾಪುರ ಬರದ ಸೀಮೆ. ಅಲ್ಲಿಯ ಮಕ್ಕಳಿಗೆ ಓದು, ರೈತನಿಗೆ ಸಾಲ ಬೇಕಿತ್ತು. 1910ರಲ್ಲಿ ವಿದ್ಯಾಸಂಸ್ಥೆ, 1912ರಲ್ಲಿ ಸಿದ್ಧೇಶ್ವರ ಬ್ಯಾಂಕು. ಎರಡರಲ್ಲಿಯೂ ಅವರ ಕೈ. ವಚನ ಓದಿದವನು ಬ್ಯಾಂಕು ಕಟ್ಟುವುದೇಕೆ ಎಂದು ಕೇಳುವವರಿಗೆ ಭಂಡಾರಿ ಬಸವಣ್ಣನವರನ್ನು ನೆನಪು ಮಾಡಿಕೊಟ್ಟರೆ ಸಾಕು. ಹಳಕಟ್ಟಿಯವರು 1964ರಲ್ಲಿ ಲಿಂಗೈಕ್ಯರಾದರು. ತಮಗೆಂದು ಆಸ್ತಿ ಕೂಡಿಸಿದವರಲ್ಲ.

ಅದೇ ಕಾಲದಲ್ಲಿ ದಾಸೋಹಕ್ಕೂ ಹೊಸ ರೂಪ ಬಂತು. ಹೇಗೆಂದರೆ, ಹೈಸ್ಕೂಲುಗಳು ಪಟ್ಟಣದಲ್ಲಿ, ಹುಡುಗರು ಹಳ್ಳಿಯಲ್ಲಿ. ಪಟ್ಟಣಕ್ಕೆ ಬಂದ ಬಡ ಹುಡುಗ ವಾರಕ್ಕೊಂದು ಮನೆಯ ಮುಂದೆ ನಿಂತು ವಾರಾನ್ನ ಉಣ್ಣಬೇಕು, ಇಲ್ಲವೆ ಓದು ಬಿಡಬೇಕು. ಅವನ ಜಾತಿ ಕೇಳಿ ಬಾಗಿಲು ಮುಚ್ಚುವವರೂ ಇದ್ದರು. ಚಿತ್ರದುರ್ಗದ ಜಯದೇವ ಜಗದ್ಗುರುಗಳು ಊರೂರಿಗೆ ಉಚಿತ ಪ್ರಸಾದ ನಿಲಯ ತೆರೆಸಿದ್ದು ಈ ಕಷ್ಟವನ್ನು ಕಂಡು. ಸಿದ್ಧಗಂಗೆಯಲ್ಲಿ 1941ರಿಂದ ಮಠದ ಹೊಣೆ ಹೊತ್ತ ಶಿವಕುಮಾರ ಮಹಾಸ್ವಾಮಿಗಳು ಜೋಳಿಗೆ ಹಿಡಿದು ಹಳ್ಳಿ ಹಳ್ಳಿ ತಿರುಗಿ ರಾಗಿ, ಅಕ್ಕಿ ತಂದು ಮಕ್ಕಳಿಗೆ ಉಣಬಡಿಸಿದರು. ಆ ಮಕ್ಕಳ ಸಂಖ್ಯೆ ಕ್ರಮೇಣ 8–10 ಸಾವಿರಕ್ಕೆ ಮುಟ್ಟಿತು. ಜಾತಿ ಮತ ಕೇಳಲಿಲ್ಲ.

ಇದೆಲ್ಲ ದೊಡ್ಡವರ ಹೆಸರಿನಲ್ಲಿ ಹೇಳುತ್ತೇವೆ. ನಡೆಸಿದ ಕೈಗಳು ಬೇರೆ ಇದ್ದವು. ಒಲೆ ಹೊತ್ತಿಸುವ ಮೊದಲು ಅಡಿಗೆಯ ಅಕ್ಕಿಯಲ್ಲಿ ಒಂದು ಮುಷ್ಟಿಯನ್ನು ತೆಗೆದು ಗಡಿಗೆಗೆ ಹಾಕುವ ಪದ್ಧತಿ ನಿಮ್ಮ ಅಜ್ಜಿಯರಿಗೆ ಗೊತ್ತಿತ್ತು. ಸುಗ್ಗಿ ಮುಗಿದ ಮೇಲೆ ಮಠದ ಬಂಡಿ ಓಣಿಗೆ ಬಂದಾಗ ಆ ಗಡಿಗೆ ಬರಿದಾಗುತ್ತಿತ್ತು, ಮರುದಿನ ಮತ್ತೆ ಮೊದಲಿನಿಂದ. ಮನೆಯಲ್ಲಿ ಎಂಟು ಜನ ಉಣ್ಣುವ ಹೊತ್ತಿನಲ್ಲಿ ಹೆಸರು ಗೊತ್ತಿಲ್ಲದ ಒಂಬತ್ತನೆಯ ಹುಡುಗನ ಪಾಲು ಮೊದಲು ಎತ್ತಿಡುವುದು. ರಸೀತಿ ಇಲ್ಲ, ಕಲ್ಲಿನ ಮೇಲೆ ಹೆಸರು ಇಲ್ಲ. ಲಕ್ಕಮ್ಮ ಹೆಚ್ಚಿನದನ್ನು ಹೊರಗೆ ಕಳಿಸಿದಳು; ಈ ತಾಯಂದಿರು ಕಡಿಮೆ ಇದ್ದದ್ದರಲ್ಲಿಯೇ ಹೊರಗೆ ಕಳಿಸಿದರು. ಯಾವುದು ದೊಡ್ಡದು ಎಂದು ನಾವು ತೂಗುವುದಿಲ್ಲ. ಈಗ ಮುಷ್ಟಿ ಅಕ್ಕಿಯ ಗಡಿಗೆ ಎಷ್ಟು ಮನೆಗಳಲ್ಲಿದೆ? ಮಠಕ್ಕೆ ಚೆಕ್ಕು ಬರುತ್ತದೆ, ಫೋನಿನಲ್ಲಿಯೇ ಹಣ ಬರುತ್ತದೆ, ವರ್ಷಕ್ಕೊಮ್ಮೆ. ಅದರಿಂದ ಅನುಕೂಲವಾಗಿದೆ, ಇಲ್ಲವೆನ್ನಲಾರೆವು. ಆದರೆ ದಿನಕ್ಕೆ ಎರಡು ಸಲ, ಒಲೆಯ ಮುಂದೆ, ಇನ್ನೊಬ್ಬರ ಹಸಿವನ್ನು ನೆನೆಯುವ ಕೆಲಸವನ್ನು ಚೆಕ್ಕು ಮಾಡಲಾರದು.

ಜೋಳಿಗೆಯ ಮಾತು ಬಂತು. ಇಳಕಲ್ಲಿನ ಮಹಾಂತ ಅಪ್ಪಗಳು 1975ರಲ್ಲಿ ಹಿಡಿದ ಜೋಳಿಗೆ ಬೇರೆ ತೆರನಾದದ್ದು. ಮನೆ ಮನೆಗೆ ಹೋಗಿ ಅಕ್ಕಿ ಬೇಡಲಿಲ್ಲ, ದುಡ್ಡು ಬೇಡಲಿಲ್ಲ. ಕುಡಿತ, ತಂಬಾಕು, ಜೂಜುಗಳಂಥ ಚಟಗಳನ್ನು ಅದರಲ್ಲಿ ಹಾಕೆಂದು ಬೇಡಿದರು. ಕೇಳಲು ಹಗುರವಾಗಿ ತೋರುತ್ತದೆ. ಗುರುವಿನ ಜೋಳಿಗೆಗೆ ಒಮ್ಮೆ ಹಾಕಿದ್ದನ್ನು ಮರಳಿ ತೆಗೆದುಕೊಳ್ಳಬಾರದು ಎಂಬ ನಂಬಿಕೆ ನಮ್ಮ ಜನರ ಎಲುಬಿನಲ್ಲಿದೆ. ಅಪ್ಪಗಳು ಆ ಹಳೆಯ ನಂಬಿಕೆಯನ್ನೇ ಹೊಸ ಕೆಲಸಕ್ಕೆ ಹೂಡಿದರು. ಸಂಜೆ ಸಾರಾಯಿ ಅಂಗಡಿಗೆ ಹೋಗುತ್ತಿದ್ದ ಕೂಲಿ ಮನೆಗೆ ಬಂದಾಗ ಹೆಂಡತಿಗೆ ಯಾವ ಸಿದ್ಧಾಂತವನ್ನು ತಿಳಿಸಿ ಹೇಳುವ ಅಗತ್ಯವಿರಲಿಲ್ಲ. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ವ್ಯಸನಮುಕ್ತ ದಿನವೆಂದು ನಾಡು ಆಚರಿಸುತ್ತದೆ. ಆಚರಣೆಗೆ ಬಂದವರಲ್ಲಿ ಭಾಷಣ ಮುಗಿಸಿ ಹೊರಗೆ ಹೋಗಿ ಎಲೆಯಡಿಕೆಯ ಜೊತೆ ತಂಬಾಕು ತಿಕ್ಕುವವರನ್ನೂ ನಾವು ಕಂಡಿದ್ದೇವೆ.

ಸಿದ್ಧಗಂಗೆಯ ಹಿರಿಯರ ಕೊನೆಯ ದಿನದ ಒಂದು ಸಂಗತಿಯನ್ನು ಹೇಳಬೇಕು. 2019ರ ಜನವರಿ 21ರಂದು, 111ನೆಯ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದದ್ದು ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು. ಸುದ್ದಿ ಹೊರಗೆ ಬಂದದ್ದು ಮಧ್ಯಾಹ್ನ ಕಳೆದ ಮೇಲೆ. ಮಕ್ಕಳ ಪ್ರಸಾದ ಮುಗಿಯುವ ತನಕ ತಿಳಿಸಬೇಡಿರಿ ಎಂಬುದು ಅವರ ಇಚ್ಛೆಯಾಗಿತ್ತಂತೆ. ತಿಳಿದರೆ ಮಕ್ಕಳು ಉಣ್ಣುವುದಿಲ್ಲ. ಅಡಿಗೆ ಮನೆಯವರು ಎಂದಿನಂತೆ ಬಡಿಸಿದರು, ಮಕ್ಕಳು ಎಂದಿನಂತೆ ಉಂಡು ಕೈ ತೊಳೆದರು, ಆಮೇಲೆ ತಿಳಿಯಿತು.

ಹೊರಗೆ ಸಾರು ಕುದಿಯುವ ವಾಸನೆ ಬರುತ್ತಿದೆ. ನಮ್ಮ ಅಡಿಗೆಯವರೂ ನಸುಕಿನಿಂದ ನಿಂತಿದ್ದಾರೆ, ಬಡಿಸಲು ಕೈ ಸಾಲದಾಗಿದೆ ಎಂದು ಹೇಳಿ ಕಳಿಸಿದ್ದಾರೆ. ಮುಂದಿನ ಸಾಲಿನ ತರುಣರು ಅತ್ತ ಹೋಗಿರಿ. ದಾಸೋಹದಲ್ಲಿ ಕೊಡುವವನಿಗೆ ಬರುವ ಅಹಂಕಾರದ ವಿಚಾರ ಉಳಿದುಹೋಯಿತು, ಅದನ್ನು ನಾಳೆ ನೋಡೋಣ.